ಕೈಯಲ್ಲಿ ಸಾವಿರ ರೂಪಾಯಿ: ಈಚಿನ ಕನ್ನಡ ಕಾದಂಬರಿಗಳಲ್ಲಿ ಯಾವುದು ಯಾರಿಗೆ?

ಅಕ್ಕನ ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳ ಬಂದ ವಾರ ಫೋನ್ ಮಾಡಿದಳು. ‘ಚಿಕ್ಕಮ್ಮ, ಪುಸ್ತಕಕ್ಕೆಂದು ಸಾವಿರ ರೂಪಾಯಿ ಎತ್ತಿಟ್ಟಿದ್ದೇನೆ. ಈಚಿನ ಕಾದಂಬರಿಗಳಲ್ಲಿ ಯಾವುದು ಚೆನ್ನಾಗಿದೆ ಹೇಳಿ.’ ಅದೇ ವಾರ ನಮ್ಮ ಮಾವನವರು ಒಂದು ಕಣ್ಣಿನ ಪೊರೆ ತೆಗೆಸಿಕೊಂಡು ಮನೆಗೆ ಬಂದಿದ್ದರು. ‘ಕಣ್ಣು ಸರಿಹೋದ ಮೇಲೆ ಏನಾದರೂ ಓದಲು ಕೊಡಮ್ಮ, ಟಿ.ವಿ. ನೋಡಿ ಸಾಕಾಯಿತು’ ಎಂದರು. ಬ್ಯಾಂಕಿನಲ್ಲಿ ಪಕ್ಕದ ಕೌಂಟರಿನ ಗೆಳತಿಯದು ಮೂರನೆಯ ಬೇಡಿಕೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗಿನಿಂದ ಕನ್ನಡ ಓದಬೇಕೆಂಬ ಹಂಬಲ ಅವಳಿಗೆ ಹತ್ತಿದೆ. ‘ಅಂಥದ್ದೇ ಒಂದು ಕಾದಂಬರಿ ಹೇಳು’ ಎನ್ನುತ್ತಾಳೆ. ಅದು ಕಾದಂಬರಿಯಲ್ಲ, ಸಣ್ಣ ಕಥೆಗಳು ಎಂದು ಎರಡು ಸಲ ಹೇಳಿದ್ದೇನೆ.

ಯಾವುದು ಚೆನ್ನಾಗಿದೆ ಎಂದು ಕೇಳಿದರೆ ಉತ್ತರ ಸಲೀಸು. ಇಲ್ಲಿ ಹೆಸರಿಸುವವೆಲ್ಲ ಚೆನ್ನಾಗಿಯೇ ಇವೆ. ಹಿಡಿಸದಿದ್ದರೆ ಐವತ್ತನೇ ಪುಟಕ್ಕೆ ಮಡಚಿಡುವ ಜಾಯಮಾನ ನನ್ನದು. ಯಾವುದು ಯಾರಿಗೆ ಒಗ್ಗುತ್ತದೆ ಎನ್ನುವುದೇ ತೊಡಕಿನದು. ಎರಡನೇ ಶನಿವಾರ ಬ್ಯಾಂಕಿಗೆ ರಜೆ ಇರುವುದರಿಂದ ಆ ದಿನ ನಾವು ಐದಾರು ಮಂದಿ ಯಾರಾದರೊಬ್ಬರ ಮನೆಯಲ್ಲಿ ಸೇರಿ ಓದಿದ್ದರ ಬಗ್ಗೆ ಹರಟುತ್ತೇವೆ. ಒಬ್ಬರು ಕಣ್ಣಿಗೆ ಒತ್ತಿಕೊಂಡ ಪುಸ್ತಕವನ್ನು ಇನ್ನೊಬ್ಬರು ಹದಿನೈದು ದಿನ ಚೀಲದಲ್ಲಿ ಹೊತ್ತು ತಿರುಗಿ ಹಾಗೆಯೇ ಮರಳಿಸಿದ್ದನ್ನು ಅಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ಹಾಗಾಗಿ ಮೊದಲು ಅಳತೆಗೋಲು. ದಿನಕ್ಕೆ ಎಷ್ಟು ಹೊತ್ತು ಓದಲು ಸಿಗುತ್ತದೆ ಎಂಬುದಕ್ಕಿಂತ, ಆ ಹೊತ್ತು ಹೇಗೆ ಸಿಗುತ್ತದೆ ಎಂದು ನೋಡಿಕೊಳ್ಳಿ. ಮೆಟ್ರೊದಲ್ಲಿ ನಿಂತು ಸಿಗುವ ಇಪ್ಪತ್ತು ನಿಮಿಷ ಬೇರೆ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಸಿಗುವ ಮೂರು ಗಂಟೆ ಬೇರೆ. ಎರಡನೆಯದು, ವಾರ ಬಿಟ್ಟು ಮತ್ತೆ ಕೈಗೆತ್ತಿಕೊಂಡರೆ ಕಥೆ ನಿಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತದೆಯೇ? ಮೂರನೆಯದಕ್ಕೆ ನನ್ನಲ್ಲಿ ತೂಕ ಹೆಚ್ಚು: ಲೇಖಕ ಹೇಳದೆ ಬಿಟ್ಟದ್ದನ್ನು ನೀವೇ ತುಂಬಿಕೊಳ್ಳಲು ತಯಾರಿದ್ದೀರಾ, ಅಥವಾ ಎಲ್ಲವೂ ಬಗೆಹರಿದೇ ಪುಸ್ತಕ ಮುಚ್ಚಬೇಕೇ? ಆಮೇಲೆ ಭಾಷೆ, ಒಂದು ಸೀಮೆಯ ಆಡುಮಾತು ಒಬ್ಬರಿಗೆ ಹೋಳಿಗೆ, ಇನ್ನೊಬ್ಬರಿಗೆ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು. ಕೊನೆಗೆ ಹಣ ಮತ್ತು ಅಕ್ಷರದ ಗಾತ್ರ. ಅರವತ್ತು ದಾಟಿದವರಿಗೆ ಪುಸ್ತಕ ಕೊಳ್ಳುವಾಗ ಅಂಗಡಿಯಲ್ಲೇ ನಡುವಿನ ಒಂದು ಪುಟ ತೆರೆದು ಮೊಳದಷ್ಟು ದೂರ ಹಿಡಿದು ನೋಡಿ. ಬೆನ್ನುಡಿಯನ್ನು ನಂಬಬೇಡಿ, ಅದನ್ನು ಯಾವಾಗಲೂ ದೊಡ್ಡ ಅಕ್ಷರದಲ್ಲೇ ಅಚ್ಚು ಮಾಡಿರುತ್ತಾರೆ.

ಪುಟಗಳ ಸಂಖ್ಯೆಯನ್ನು ಅಳತೆಗೋಲಾಗಿ ಬಳಸಬೇಡಿ. ನಾನು ಹಾಗೆ ಬಳಸಿ ಮೋಸಹೋಗಿದ್ದೇನೆ.

ಮೋಸಮಾಡಿದ್ದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರಲ್ಲಿ ಬಂದ ಪುಟ್ಟ ಕಾದಂಬರಿ. ಸಂಜೆ ಹಿಡಿದರೆ ರಾತ್ರಿ ಊಟದೊಳಗೆ ಮುಗಿಯುತ್ತದೆ. ಓದುವ ಅಭ್ಯಾಸ ತಪ್ಪಿದವರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಎಂದು ನಾಲ್ಕು ಮಂದಿಗೆ ಕೊಟ್ಟೆ. ಇಬ್ಬರು ‘ಏನೂ ಆಗಲೇ ಇಲ್ಲವಲ್ಲ’ ಎಂದು ವಾಪಸು ಕೊಟ್ಟರು.

ಆಗುವುದು ಇಷ್ಟು: ಬೆಂಗಳೂರಿನ ಒಂದು ಕುಟುಂಬ. ಇರುವೆಗಳು ಸಾಲುಗಟ್ಟುವ ಇಕ್ಕಟ್ಟಿನ ಮನೆ, ಮಾರಾಟದ ಕೆಲಸ ಮಾಡುತ್ತಿದ್ದ ಅಪ್ಪ. ಆ ಕೆಲಸ ಹೋಗುತ್ತದೆ. ಚಿಕ್ಕಪ್ಪ ಮಸಾಲೆಯ ವ್ಯಾಪಾರ ಶುರುಮಾಡುತ್ತಾನೆ, ದುಡ್ಡು ಬರುತ್ತದೆ, ದೊಡ್ಡ ಮನೆ ಬರುತ್ತದೆ. ಅಲ್ಲಿಂದಾಚೆಗೆ ಮನೆಯ ದಿನಚರಿಯೆಲ್ಲ ಚಿಕ್ಕಪ್ಪನ ಹಸಿವು, ನಿದ್ದೆ, ಮರ್ಜಿಯ ಸುತ್ತ ತಿರುಗುತ್ತದೆ. ಕಥೆ ಹೇಳುವ ಮಗನಿಗೆ ಹೆಸರಿಲ್ಲ, ಹೇಳಿಕೊಳ್ಳುವಂಥ ಕೆಲಸವೂ ಇಲ್ಲ. ಕಾಫಿ ಹೌಸಿನಲ್ಲಿ ಕುಳಿತು ವಿನ್ಸೆಂಟ್ ಎಂಬ ಮಾಣಿಯ ಒಂದೊಂದು ಮಾತಿನಲ್ಲೂ ದೈವವಾಣಿ ಕೇಳಿಸಿಕೊಳ್ಳುತ್ತಾನೆ. ಒಂದು ದಿನ ಮನೆ ಬಾಗಿಲಿಗೆ ಹೆಂಗಸೊಬ್ಬಳು ಚಿಕ್ಕಪ್ಪನನ್ನು ಹುಡುಕಿಕೊಂಡು, ಅವನಿಗಾಗಿ ಮಾಡಿದ ಬೇಳೆಯ ಸಾರಿನ ಡಬ್ಬಿ ಹಿಡಿದು ಬರುತ್ತಾಳೆ. ಮನೆಯ ಹೆಂಗಸರು ಅವಳನ್ನು ಅಟ್ಟುವ ಆ ಎರಡು ಮೂರು ಪುಟಗಳನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಎಲ್ಲೂ ದನಿ ಏರಿಸದೆ ಲೇಖಕರು ಅದನ್ನು ಬರೆದಿದ್ದಾರೆ. ಓದುವಾಗ ನಾನೂ ಆ ಕಾಂಪೌಂಡಿನ ಒಳಗೆ, ಬಯ್ಯುವವರ ಪಕ್ಕದಲ್ಲಿ, ಸುಮ್ಮನೆ ನಿಂತಿದ್ದೆ ಎಂಬುದು ಮುಗಿದ ಮೇಲೆ ತಿಳಿಯಿತು.

ನಮ್ಮ ಶನಿವಾರದ ಗುಂಪಿನಲ್ಲಿ ಕಿರಾಣಿ ಅಂಗಡಿ ನಡೆಸುವವರೊಬ್ಬರಿದ್ದಾರೆ. ಎಲ್ಲರೂ ಆ ಮನೆಯವರ ಕ್ರೌರ್ಯದ ಬಗ್ಗೆ ಮಾತನಾಡುತ್ತಿದ್ದಾಗ ಅವರು ಮಿಕ್ಸ್ಚರ್ ತಟ್ಟೆಯಿಂದ ಕಡಲೆಬೀಜ ಆರಿಸುತ್ತ, ‘ದುಡಿದು ಹಾಕುವವನನ್ನು ಮನೆಯವರು ಕಾಯದೆ ಇನ್ಯಾರು ಕಾಯಬೇಕು?’ ಎಂದರು. ಆಮೇಲೆ ಆ ದಿನ ಮಾತು ಬೇರೆ ದಾರಿ ಹಿಡಿಯಿತು. ನಾನೂ ನನ್ನ ತವರಿನ ಒಂದು ವಿಷಯ ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಹೀಗೆ ಕಾಡುವ ಪುಸ್ತಕ ಬೇಕೆನ್ನುವವರಿಗೆ ಇದು ಮೊದಲ ಆಯ್ಕೆ. ಭಾಷೆ ತಿಳಿನೀರಿನಷ್ಟು ಸರಳ, ಗಾತ್ರ ಚಿಕ್ಕದು, ದುಡ್ಡೂ ಕಡಿಮೆ. ಆದರೆ ಮುಕ್ತಾಯದಲ್ಲಿ ಲೇಖಕರು ನಿಮ್ಮ ಕೈಗೆ ಒಂದು ಅನುಮಾನವನ್ನಷ್ಟೇ ಕೊಟ್ಟು ಎದ್ದುಹೋಗುತ್ತಾರೆ. ‘ಕೊನೆಗೆ ಏನಾಯಿತು?’ ಎಂದು ನೇರವಾಗಿ ಕೇಳುವ ಸ್ವಭಾವದವರಿಗೆ ಇದನ್ನು ಕೊಟ್ಟರೆ ಬೈಸಿಕೊಳ್ಳುತ್ತೀರಿ. ಮೆಟ್ರೊಗೂ ಬೇಡ, ತುಂಡು ತುಂಡಾಗಿ ಓದಿದರೆ ಬಿಗಿ ಸಡಿಲವಾಗುತ್ತದೆ. ಒಂದೇ ಕೂರುವಿಕೆಗೆ ಎರಡು ಗಂಟೆ ಕೊಡಬಲ್ಲಿರಾದರೆ ಮಾತ್ರ ತೆರೆಯಿರಿ.

ಅವರದೇ ‘ಸಕೀನಾಳ ಮುತ್ತು’ (2021) ಇದಕ್ಕಿಂತ ದೊಡ್ಡದು. ಯಾವುದನ್ನು ಮೊದಲು ಓದಬೇಕೆಂದು ಹಲವರು ಕೇಳುತ್ತಾರೆ. ವೆಂಕಟ್ ಎಂಬ ನಡುವಯಸ್ಸಿನ ಎಂಜಿನಿಯರ್, ಹೆಂಡತಿ ವಿಜಿ, ಕಾಲೇಜಿನ ಮಗಳು ರೇಖಾ. ಮಗಳು ಫೋನ್ ಸಿಗ್ನಲ್ ಸಿಗದ ಊರಿಗೆ ಹೋಗಿರುವಾಗ ಇಬ್ಬರು ಹುಡುಗರು ಬಂದು ಬಾಗಿಲು ತಟ್ಟುತ್ತಾರೆ. ಅಲ್ಲಿಂದ ಆ ಮನುಷ್ಯನ ಕಾಲ ಕೆಳಗಿನ ನೆಲ ನಿಧಾನವಾಗಿ ಜಾರುತ್ತದೆ. ವ್ಯಕ್ತಿತ್ವ ವಿಕಸನದ ಪುಸ್ತಕಗಳನ್ನು ಓದಿ ಬದುಕನ್ನು ಒಪ್ಪವಾಗಿಟ್ಟುಕೊಂಡಿದ್ದೇನೆ ಎಂದು ನಂಬಿದವನು ಅವನು. ಹೆಂಡತಿ ಮತ್ತು ಮಗಳ ಜತೆ ಟಿ.ವಿ. ಸುದ್ದಿಯ ಮುಂದೆ ಆಗುವ ಕಿರಿಕಿರಿ ಈಗಿನ ಎಷ್ಟು ಮನೆಗಳದು ಹೇಳಿ! ಶೀರ್ಷಿಕೆಯ ‘ಮುತ್ತು’ ಎಂಬ ಮಾತಿಗೇ ಕನ್ನಡದಲ್ಲಿ ಎರಡು ಅರ್ಥ, ಒಳಗೂ ಯಾವುದಕ್ಕೂ ಒಂದೇ ಅರ್ಥ ನಿಲ್ಲುವುದಿಲ್ಲ. ರಾಜಕೀಯ ಹರಟೆಯಲ್ಲಿ ಮನೆ ಒಡೆದುಹೋಗುತ್ತಿದೆ ಎಂದು ನೊಂದಿರುವವರಿಗೆ ಇದು ಹೆಚ್ಚು ಹತ್ತಿರ. ಕಟ್ಟಿನ ಬಿಗಿಯ ದೃಷ್ಟಿಯಿಂದ ನನಗೆ ಮೊದಲಿನದೇ ಮೇಲು. ಇದರಲ್ಲಿ ಊರಿನ ಭಾಗಕ್ಕೆ ಬಂದಾಗ ಎಳೆಗಳು ಹೆಚ್ಚಾಗಿ ನನ್ನ ಗಮನ ಚದುರಿತು. ನಮ್ಮ ಗುಂಪಿನ ಇಬ್ಬರು ಮೇಷ್ಟ್ರುಗಳು ಇದನ್ನು ಒಪ್ಪುವುದಿಲ್ಲ. ಊರಿನ ಭಾಗಕ್ಕಾಗಿಯೇ ಇದನ್ನು ಓದಬೇಕು ಎನ್ನುತ್ತಾರೆ.

ಈಗ ದಪ್ಪ ಪುಸ್ತಕಕ್ಕೆ ಬರೋಣ. ವಸುಧೇಂದ್ರರ ‘ತೇಜೋ ತುಂಗಭದ್ರಾ’ 2019ರಲ್ಲಿ ಬಂತು. ನೋಡಿದವರೆಲ್ಲ ‘ಇಷ್ಟು ಓದಲು ನನಗೆಲ್ಲಿ ಪುರುಸೊತ್ತು’ ಎನ್ನುತ್ತಾರೆ. ಈ ಪಟ್ಟಿಯಲ್ಲಿ ಅತಿ ಬೇಗ ಓದಿಸಿಕೊಂಡು ಹೋದದ್ದು ಇದೇ. ಲಿಸ್ಬನ್ನಿನ ತೇಜೋ ನದಿಯ ದಂಡೆಯಲ್ಲಿ ಗೇಬ್ರಿಯಲ್ ಎಂಬ ಹುಡುಗ, ಬೆಲ್ಲಾ ಎಂಬ ಯಹೂದಿ ಹುಡುಗಿ. ಇತ್ತ ತುಂಗಭದ್ರೆಯ ದಂಡೆಯಲ್ಲಿ, ವಿಜಯನಗರದ ಆಳ್ವಿಕೆಯಲ್ಲಿ, ಹಂಪಮ್ಮ, ಕೇಶವ, ತೆಂಬಕ್ಕ. ಹದಿನೈದನೆಯ ಶತಮಾನದ ಕೊನೆಯಲ್ಲಿ ಪೋರ್ಚುಗಲ್ಲಿನ ದೊರೆ ಯಹೂದಿಗಳನ್ನು ಒಂದೋ ಮತಾಂತರವಾಗಿ, ಇಲ್ಲವೇ ದೇಶ ಬಿಡಿ ಎಂದದ್ದು, ಪೋರ್ಚುಗೀಸರು ಮೆಣಸಿನ ಆಸೆಗೆ ಹಡಗೇರಿದ್ದು, 1510ರಲ್ಲಿ ಗೋವಾ ಅವರ ಕೈಸೇರಿದ್ದು, ಕೃಷ್ಣದೇವರಾಯನ ಕಾಲ, ಇಷ್ಟೂ ಇಲ್ಲಿದೆ. ಆದರೆ ದೊರೆಗಳು ಹಿನ್ನೆಲೆಯಲ್ಲಿ ಓಡಾಡುವವರು. ದೊರೆಯ ಒಂದು ಆಜ್ಞೆಯಿಂದ ಯಾರದೋ ಅಡುಗೆಮನೆಯಲ್ಲಿ, ಯಾರದೋ ಮದುವೆಯಲ್ಲಿ ಏನಾಗುತ್ತದೆ ಎಂಬುದೇ ಕಥೆ.

ಎರಡು ನದಿಗಳ ಅಧ್ಯಾಯಗಳು ಒಂದಾದ ಮೇಲೊಂದು ಬರುತ್ತವೆ. ಒಂದು ದಡದಲ್ಲಿ ಕುತೂಹಲ ಹೆಚ್ಚಿದಾಗ ಇನ್ನೊಂದು ದಡಕ್ಕೆ ದಾಟಿಸುವ ಈ ಜಾಣತನ ಬಿಡುವಿಲ್ಲದವರಿಗೆ ದೊಡ್ಡ ಉಪಕಾರ: ಇಪ್ಪತ್ತು ನಿಮಿಷದಲ್ಲಿ ಒಂದು ತುಂಡು ಮುಗಿಯುತ್ತದೆ, ವಾರ ಬಿಟ್ಟು ಬಂದರೂ ‘ಎಲ್ಲಿದ್ದೆ?’ ಎಂದು ತಡಕಾಡಬೇಕಿಲ್ಲ. ಹೆಸರುಗಳು ಮಾತ್ರ ಬಹಳ. ನಾನು ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಎರಡು ಸಾಲು ಮಾಡಿಕೊಂಡಿದ್ದೆ, ಎಡಕ್ಕೆ ತೇಜೋದವರು, ಬಲಕ್ಕೆ ತುಂಗಭದ್ರೆಯವರು. ಕಥೆ ಮುಂದುವರಿದಂತೆ ಎಡದ ಕೆಲವು ಹೆಸರುಗಳಿಗೆ ಬಾಣ ಎಳೆದು ಬಲಕ್ಕೆ ತರಬೇಕಾಯಿತು.

ಕೊರತೆಯನ್ನೂ ಹೇಳಬೇಕು. ಲೇಖಕರು ಬಹಳ ಓದಿಕೊಂಡು ಬರೆದಿದ್ದಾರೆ, ಆ ಓದು ಕೆಲವೆಡೆ ಪಾತ್ರಗಳ ಬಾಯಿಂದ ಪಾಠದ ಹಾಗೆ ಹೊರಬರುತ್ತದೆ. ಕೆಲವು ಭೇಟಿಗಳು ಅನುಕೂಲಕ್ಕೆ ತಕ್ಕಂತೆ ಒದಗುತ್ತವೆ. ಹಿಂಸೆಯೂ ಇದೆ, ಕಣ್ಣು ಮುಚ್ಚದೆ ಬರೆದ ಹಿಂಸೆ: ಮತಾಂತರದ ಹೆಸರಿನಲ್ಲಿ ಆಗುವುದು, ಒಡೆಯನಿಗಾಗಿ ಪ್ರಾಣ ಕೊಡುತ್ತೇನೆಂದು ಲೆಂಕರು ತೊಡುವ ಪಣ, ಸಹಗಮನ. ಮಲಗುವ ಮುಂಚೆ ಓದುವ ಅಭ್ಯಾಸದವರು ಇದನ್ನು ಹಗಲಿಗೆ ಇಟ್ಟುಕೊಳ್ಳಿ. ನಾನು ರಾತ್ರಿ ಓದಿ ಎರಡು ದಿನ ನಿದ್ದೆಗೆಟ್ಟೆ. ಇಷ್ಟಾದರೂ, ಒಂದೇ ದಪ್ಪ ಪುಸ್ತಕ ಕೊಳ್ಳುವ ಹಣವಿದ್ದು, ಮನೆಯಲ್ಲಿ ನಾಲ್ಕು ಮಂದಿ ನಾಲ್ಕು ರುಚಿಯವರಿದ್ದರೆ ಕಣ್ಣು ಮುಚ್ಚಿ ಇದನ್ನೇ ತನ್ನಿ. ನಮ್ಮ ಪ್ರತಿಯನ್ನು ಹತ್ತನೇ ತರಗತಿಯ ಮಗನೂ ಓದಿದ, ಅತ್ತೆಯೂ ಓದಿದರು. ಅತ್ತೆಗೆ ತೆಂಬಕ್ಕ ಇಷ್ಟ, ಮಗನಿಗೆ ಹಡಗು.

ಇತಿಹಾಸವೇ ಬೇಕು, ಆದರೆ ನಮ್ಮ ಕರಾವಳಿಯದು ಎನ್ನುವವರಿಗೆ ಒಂದು ವಿಚಿತ್ರ ಅನುಕೂಲವಿದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಬಗ್ಗೆ ಇಬ್ಬರು ಬರೆದಿದ್ದಾರೆ. ಹದಿನಾರನೆಯ ಶತಮಾನದ ನಡುವಿನಿಂದ ಐವತ್ತಕ್ಕೂ ಹೆಚ್ಚು ವರ್ಷ ಆಳಿದವಳು, ಪೋರ್ಚುಗೀಸರು ‘ರೈನಾ ದ ಪಿಮೆಂಟಾ’, ಅಂದರೆ ಮೆಣಸಿನ ರಾಣಿ ಎಂದು ಕರೆದವಳು ಅವಳು. ಕೆ.ಎನ್. ಗಣೇಶಯ್ಯನವರ ‘ಬಳ್ಳಿಕಾಳ ಬೆಳ್ಳಿ’ ಒಂದು, ಗಜಾನನ ಶರ್ಮರ ‘ಚೆನ್ನಭೈರಾದೇವಿ’ ಇನ್ನೊಂದು. ಗಣೇಶಯ್ಯನವರು ವೃತ್ತಿಯಿಂದ ಕೃಷಿ ವಿಜ್ಞಾನಿ. ಅವರ ಕಾದಂಬರಿಗಳಲ್ಲಿ ಇತಿಹಾಸವೆಂದರೆ ಬಿಡಿಸಬೇಕಾದ ಒಗಟು. ಅಡಿಟಿಪ್ಪಣಿ, ಆಕರ ಎಲ್ಲವೂ ಜತೆಗೇ ಬರುತ್ತವೆ. ಪತ್ತೇದಾರಿ ಓದಿನ ಚಟವಿರುವವರು, ‘ಇದು ನಿಜವೇ?’ ಎಂದು ಓದುತ್ತಲೇ ಮೊಬೈಲ್ ತೆಗೆಯುವವರು ಇವರನ್ನು ಹಿಡಿಯಲಿ. ಪಾತ್ರಗಳ ಒಳಮನಸ್ಸು ಬೇಕೆಂದರೆ ಇವರಲ್ಲಿ ಹುಡುಕಬೇಡಿ, ಅದು ಅವರ ಉದ್ದೇಶವೂ ಅಲ್ಲ. ಶರ್ಮರದು ನಿಧಾನದ ನಡೆ, ರಾಣಿಯ ಜತೆಗೇ ಬದುಕುವ ನಡೆ. ಕುಮಟಾ ಬಳಿಯ ಮಿರ್ಜಾನ ಕೋಟೆ ನೋಡಲು ಹೊರಟಿದ್ದೀರಾದರೆ ಹೋಗುವಾಗ ಗಣೇಶಯ್ಯ, ಬಂದ ಮೇಲೆ ಶರ್ಮ. ಎರಡನ್ನೂ ಕೊಳ್ಳುವ ಅಗತ್ಯ ಎಲ್ಲರಿಗೂ ಇಲ್ಲ.

ಆದರೆ ಶರ್ಮರ ಒಂದೇ ಪುಸ್ತಕ ಓದುವುದಾದರೆ, ರಾಣಿಯನ್ನು ಬಿಟ್ಟು ‘ಪುನರ್ವಸು’ ಓದಿ ಎನ್ನುತ್ತೇನೆ. ಇಲ್ಲಿ ನಾನು ನಿಷ್ಪಕ್ಷಪಾತಿಯಲ್ಲ, ಮೊದಲೇ ಹೇಳಿಬಿಡುತ್ತೇನೆ. ನನ್ನ ಗಂಡನ ಕಡೆಯವರು ಶರಾವತಿ ಮುಳುಗಡೆಯಲ್ಲಿ ಮನೆ ಬಿಟ್ಟು ಬಂದವರು.

ಜೋಗದ ವಿದ್ಯುತ್ ಯೋಜನೆಗಾಗಿ ಮೊದಲು ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. ಅಲ್ಲಿಯ ವಿದ್ಯುತ್ ಹರಿಯತೊಡಗಿದ್ದು 1948ರ ಹೊತ್ತಿಗೆ. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಎದ್ದಿತು. ಊರುಗಳನ್ನು ಮುಳುಗಿಸಿದ ಹಿರೇಭಾಸ್ಕರ ತಾನೇ ಆ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಅದು ಮೇಲೆ ಕಾಣುತ್ತದೆ. ಒಮ್ಮೆ ಸಾಗರದ ಭಾವನವರು ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಬಿರುಕುಬಿಟ್ಟ ಕೆಸರಿನ ಮೇಲೆ ನಡೆಯುವಾಗ ಚಪ್ಪಲಿಯ ಕೆಳಗೆ ಹಂಚಿನ ಚೂರು ಕಟಕಟ ಎಂದಿತು. ಮಾವನವರು ಬಗ್ಗಿ ಒಂದು ಚೂರು ಎತ್ತಿಕೊಂಡು, ಪಂಚೆಯ ಅಂಚಿನಲ್ಲಿ ಒರೆಸಿ, ತಿರುಗಿಸಿ ನೋಡಿ, ಎತ್ತಿದ ಜಾಗದಲ್ಲೇ ಇಟ್ಟರು. ಅಣೆಕಟ್ಟಿನ ಮೇಲೆ ಮಕ್ಕಳು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮಾವನವರು ಮಾತ್ರ ಬೆನ್ನು ಹಾಕಿ ಗುಡ್ಡದ ಕಡೆ ನೋಡುತ್ತ ನಿಂತರು.

‘ಪುನರ್ವಸು’ವಿನಲ್ಲಿ ಈ ಕಣಿವೆಯ ಭಾರಂಗಿ ಸೀಮೆಯಿದೆ, ಅಣೆಕಟ್ಟು ಕಟ್ಟಲು ಬಂದವರಿದ್ದಾರೆ, ಬಿಟ್ಟು ಹೋಗಬೇಕಾದವರಿದ್ದಾರೆ. ನನಗೆ ಹಿಡಿಸಿದ್ದು, ಕಟ್ಟಲು ಬಂದವರನ್ನು ಖಳರನ್ನಾಗಿ ಮಾಡದೆ ಇರುವುದು. ನಾಡಿಗೆ ಬೆಳಕು ಬೇಕಿತ್ತು, ಅದಕ್ಕೆ ಕೆಲವರ ಮನೆ ಹೋಯಿತು. ಎರಡೂ ನಿಜ ಎಂಬ ಸಂಕಟವನ್ನು ಕಾದಂಬರಿ ಕೊನೆಯವರೆಗೂ ಹೊತ್ತುಕೊಂಡು ಹೋಗುತ್ತದೆ. ಸಂಭಾಷಣೆಯಲ್ಲಿ ಮಲೆನಾಡಿನ ಆಡುಮಾತಿನ ವಾಸನೆಯಿದೆ. ಬಯಲುಸೀಮೆಯ ಗೆಳತಿಯೊಬ್ಬಳು ಮೊದಲ ಅರವತ್ತು ಪುಟ ತಿಣುಕಿದಳು, ಆಮೇಲೆ ಕಿವಿ ಹೊಂದಿಕೊಂಡಿತು ಎಂದಳು. ಗಾತ್ರ ದೊಡ್ಡದು, ನಡೆ ನಿಧಾನ, ನಡುವೆ ವಿವರಗಳು ಹೆಚ್ಚು. ಮೆಟ್ರೊದಲ್ಲಿ ಇದು ಓಡುವುದಿಲ್ಲ. ಮಳೆಗಾಲದ ರಜೆಗೆ, ನಿವೃತ್ತರಿಗೆ, ‘ನಮ್ಮ ಊರು ಹೀಗಿತ್ತು’ ಎಂದು ಯಾರಾದರೂ ಮಾತು ತೆಗೆಯುವ ಮನೆಗಳಿಗೆ ಇದು. ಇದೇ ಮುಳುಗಡೆಯನ್ನು ಇನ್ನೂ ಚಿಕ್ಕ ಗಾತ್ರದಲ್ಲಿ, ಬಿಗಿಯಾಗಿ ಓದಬೇಕೆನ್ನುವವರಿಗೆ ನಾ. ಡಿಸೋಜರ ಹಳೆಯ ‘ದ್ವೀಪ’ ಇದ್ದೇ ಇದೆ.

ಇದರ ತೀರಾ ಇನ್ನೊಂದು ತುದಿ ಗುರುಪ್ರಸಾದ ಕಾಗಿನೆಲೆಯವರ ‘ಹಿಜಾಬ್’. ಹೆಸರು ಕೇಳಿದೊಡನೆ 2022ರಲ್ಲಿ ಉಡುಪಿಯಲ್ಲಿ ಎದ್ದ ವಿವಾದದ ಮೇಲೆ ಬರೆದದ್ದು ಎಂದು ಅಂದುಕೊಳ್ಳುವವರೇ ಹೆಚ್ಚು. ಪುಸ್ತಕ ಬಂದದ್ದು ಅದಕ್ಕೂ ಕೆಲವು ವರ್ಷ ಮೊದಲು. ಕಥೆ ನಡೆಯುವುದು ಅಮೆರಿಕದ ಮಿನೆಸೋಟ ರಾಜ್ಯದ ಒಂದು ಸಣ್ಣ ಊರಿನಲ್ಲಿ. ಆಫ್ರಿಕದ ಒಂದು ಕಲ್ಪಿತ ದೇಶದಿಂದ ವಲಸೆ ಬಂದ ಹೆಂಗಸರು ಹೆರಿಗೆಗೆ ಆಸ್ಪತ್ರೆಗೆ ಬರುತ್ತಾರೆ. ಸಿಸೇರಿಯನ್ ಬೇಡವೆನ್ನುತ್ತಾರೆ. ಅಲ್ಲಿ ಕೆಲಸ ಮಾಡುವ ಕನ್ನಡಿಗ ವೈದ್ಯರಿಗೆ ಅವರ ‘ಬೇಡ’ ಏನೆಂದು ಅರ್ಥವಾಗಬೇಕು. ತಾವೂ ವಲಸೆ ಬಂದವರೇ, ಆದರೆ ಕೋಟು ತೊಟ್ಟವರು. ಕಾಗಿನೆಲೆಯವರು ಸ್ವತಃ ಮಿನೆಸೋಟದಲ್ಲಿ ವೈದ್ಯರು. ಆಸ್ಪತ್ರೆಯ ಪಾಳಿ, ಬೀಪರಿನ ಕೂಗು, ಒಪ್ಪಿಗೆ ಪತ್ರದ ರಗಳೆ, ಇವೆಲ್ಲ ಹೊರಗಿನಿಂದ ನೋಡಿ ಬರೆದ ಹಾಗಿಲ್ಲ. ಇಂಗ್ಲಿಷ್ ಪದಗಳು ಧಾರಾಳ; ವೈದ್ಯರು ಹಾಗೆಯೇ ಮಾತನಾಡುವುದರಿಂದ ನನಗೆ ಅದು ತೊಡಕಾಗಲಿಲ್ಲ. ಮಾವನವರಿಗೆ ತೊಡಕಾದೀತು. ವೇಗವಿದೆ, ವಾದವಿದೆ, ಅಧ್ಯಾಯ ಮುಗಿದಾಗ ಪಕ್ಕದವರನ್ನು ತಿವಿದು ‘ನೀನಾಗಿದ್ದರೆ ಏನು ಮಾಡುತ್ತಿದ್ದೆ?’ ಎಂದು ಕೇಳಬೇಕೆನಿಸುತ್ತದೆ. ಪಾತ್ರಗಳಿಗಿಂತ ಪ್ರಶ್ನೆ ದೊಡ್ಡದಾಗಿ ಬೆಳೆಯುವುದು ಇದರ ದೋಷವೂ ಹೌದು. ಮನೆಯಲ್ಲಿ ವೈದ್ಯರೋ ನರ್ಸೋ ಇದ್ದರೆ, ಮಕ್ಕಳು ಹೊರದೇಶದಲ್ಲಿದ್ದರೆ, ಉಡುಗೊರೆ ಕೊಡಲು ಇದಕ್ಕಿಂತ ಹೊಂದುವುದು ಈ ಪಟ್ಟಿಯಲ್ಲಿಲ್ಲ.

ಇನ್ನೆರಡನ್ನು ಬೇಗ ಹೇಳಿ ಮುಗಿಸುತ್ತೇನೆ. ಬೊಳುವಾರು ಮಹಮದ್ ಕುಂಞಿಯವರ ‘ಸ್ವಾತಂತ್ರ್ಯದ ಓಟ’ಕ್ಕೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಸಾವಿರ ಪುಟ ದಾಟಿದ ಗ್ರಂಥ. ಬೊಳುವಾರರ ಕಥೆಗಳ ಊರಾದ ಮುತ್ತುಪ್ಪಾಡಿಯ ಲೋಕದೊಳಗೆ ಒಮ್ಮೆ ಕಾಲಿಟ್ಟರೆ ತಿಂಗಳುಗಟ್ಟಲೆ ಅಲ್ಲೇ ಇರಬಹುದು. ನಾನು ಎರಡು ಬೇಸಿಗೆ ತೆಗೆದುಕೊಂಡೆ. ಬೊಳುವಾರರನ್ನು ಇದುವರೆಗೆ ಓದಿರದವರು ಮೊದಲು ಅವರ ಸಣ್ಣ ಕಥೆಗಳನ್ನು ಓದಿ, ಊರಿನ ಪರಿಚಯ ಮಾಡಿಕೊಂಡು ಇಲ್ಲಿಗೆ ಬರುವುದು ವಾಸಿ. ಕರಣಂ ಪವನ್ ಪ್ರಸಾದರ ‘ಕರ್ಮ’ ಇದಕ್ಕೆ ಎದುರಾಗಿ ಚಿಕ್ಕದು: ತಂದೆ ತೀರಿಕೊಂಡಾಗ ಊರಿಗೆ ಬಂದ ಮಗ, ಉತ್ತರಕ್ರಿಯೆಯ ದಿನಗಳು. ಮನೆಯಲ್ಲಿ ಈಚೆಗೆ ಸಾವಾಗಿದ್ದರೆ ವರ್ಷ ಕಳೆಯಲಿ, ಆಮೇಲೆ ಕೊಡಿ.

ಹಣದ ಮಾತು. ಮುದ್ರಣದಿಂದ ಮುದ್ರಣಕ್ಕೆ ಬೆಲೆ ಏರುವುದರಿಂದ ಅಂಕಿ ಕೊಡುವುದಿಲ್ಲ. ಸಾವಿರ ರೂಪಾಯಿಗೆ ದಪ್ಪನೆಯದೊಂದು, ತೆಳ್ಳನೆಯದು ಒಂದೆರಡು ಎಂಬ ಅಂದಾಜು ಸಾಕು. ಅವಸರವಿಲ್ಲದಿದ್ದರೆ ನವೆಂಬರ್‌ವರೆಗೆ ಕಾಯಿರಿ, ರಾಜ್ಯೋತ್ಸವದ ರಿಯಾಯಿತಿಯಲ್ಲಿ ಇನ್ನೊಂದು ಪುಸ್ತಕದ ದುಡ್ಡು ಉಳಿಯುತ್ತದೆ. ಒಮ್ಮೆ ಓದಿ ಮುಗಿಸುವಂಥದ್ದನ್ನು ಗ್ರಂಥಾಲಯದಿಂದ ತನ್ನಿ. ನನ್ನ ಮಟ್ಟಿಗೆ ಒಗಟಿನ ಕಾದಂಬರಿಗಳು ಆ ಸಾಲಿನವು, ಉತ್ತರ ಗೊತ್ತಾದ ಮೇಲೆ ಮರುಓದಿಗೆ ಎಳೆಯುವುದಿಲ್ಲ. ‘ಘಾಚರ್ ಘೋಚರ್’ ಮಾತ್ರ ಕೊಂಡೇ ಇಟ್ಟುಕೊಳ್ಳಿ. ಎರಡನೆಯ ಓದಿನಲ್ಲಿ ಅದು ಬೇರೆಯೇ ಪುಸ್ತಕ, ಮೊದಲ ಸಲ ನಗಿಸಿದ ಸಾಲುಗಳು ಎರಡನೆಯ ಸಲ ನಗಿಸುವುದಿಲ್ಲ. ಗಾತ್ರ ಚಿಕ್ಕದಾದ್ದರಿಂದ ಎರವಲು ಹೋದದ್ದು ಮರಳಿ ಬರುವುದೂ ಕಷ್ಟ. ನಾನು ಮೂರನೆಯ ಪ್ರತಿಯಲ್ಲಿದ್ದೇನೆ.

ಮನೆಯಲ್ಲಿ ಕನ್ನಡ ಓದಲು ಬಾರದವರಿದ್ದರೆ ಇನ್ನೊಂದು ಲೆಕ್ಕ. ಶಾನಭಾಗರ ಎರಡೂ ಕಾದಂಬರಿಗಳು ಶ್ರೀನಾಥ್ ಪೆರೂರ್ ಅವರ ಅನುವಾದದಲ್ಲಿ, ‘ತೇಜೋ ತುಂಗಭದ್ರಾ’ ಮೈತ್ರೇಯಿ ಕರ್ನೂರ್ ಅವರ ಅನುವಾದದಲ್ಲಿ ಇಂಗ್ಲಿಷಿನಲ್ಲಿ ಸಿಗುತ್ತವೆ. ‘ಹಿಜಾಬ್’ ಕೂಡ ಇಂಗ್ಲಿಷಿಗೆ ಹೋಗಿದೆ. ಗಂಡ ಇಂಗ್ಲಿಷಿನಲ್ಲಿ, ಹೆಂಡತಿ ಕನ್ನಡದಲ್ಲಿ ಒಂದೇ ಪುಸ್ತಕ ಓದಿ ಜಗಳವಾಡುವ ದಂಪತಿ ನಮ್ಮ ಗುಂಪಿನಲ್ಲೇ ಇದ್ದಾರೆ. ಅವರ ಮನೆಯಲ್ಲಿ ಸೇರುವ ಶನಿವಾರ ಯಾರೂ ತಪ್ಪಿಸಿಕೊಳ್ಳುವುದಿಲ್ಲ.

ಬ್ಯಾಂಕಿನ ಗೆಳತಿಗೆ ‘ಘಾಚರ್ ಘೋಚರ್’ ಹೇಳಿದೆ. ಅವಳಿಗೆ ಒಂದು ಸಂಜೆಯ ಬಿಡುವಿದೆ, ಮನೆಯ ರಾಜಕೀಯದ ಅನುಭವ ಬೇಕಾದಷ್ಟಿದೆ. ಪ್ರಶಸ್ತಿಯ ನೆಪದಲ್ಲಿ ಬಂದವಳಿಗೆ ಸಾವಿರ ಪುಟ ಕೊಟ್ಟು ಓಡಿಸುವುದು ಬೇಡ. ಅಕ್ಕನ ಮಗಳದು ನಲವತ್ತು ನಿಮಿಷದ ಮೆಟ್ರೊ, ಅದೂ ನಿಂತುಕೊಂಡೇ. ಅವಳಿಗೆ ‘ತೇಜೋ ತುಂಗಭದ್ರಾ’ ಎಂದೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಅಷ್ಟು ಭಾರ ಹಿಡಿಯುವುದು ಹೇಗೆ ಎಂದು ಕೇಳಿದಳು. ಈ ಅಳತೆಗೋಲು ನನಗೆ ಹೊಳೆದೇ ಇರಲಿಲ್ಲ. ಕೊನೆಗೆ ‘ಹಿಜಾಬ್’ ಮೆಟ್ರೊಗೆ, ದಪ್ಪನೆಯದು ಕೋಣೆಗೆ ಎಂದು ಎರಡನ್ನೂ ಕೊಂಡಳು. ಕೇರಳದ ಸಹವಾಸಿ ‘ತೇಜೋ’ದ ಇಂಗ್ಲಿಷ್ ಪ್ರತಿ ತರಿಸಿಕೊಂಡಿದ್ದಾಳಂತೆ, ಇಬ್ಬರಲ್ಲಿ ಯಾರು ಮೊದಲು ಗೋವಾ ತಲುಪುತ್ತಾರೆ ಎಂಬ ಪಂದ್ಯ ನಡೆದಿದೆ.

ಮಾವನವರಿಗೆ ಏನು ಕೊಡಬೇಕೆಂಬ ಪ್ರಶ್ನೆಯೇ ಇರಲಿಲ್ಲ, ಕೊಡಲು ಧೈರ್ಯ ಸಾಲದೆ ವಾರ ಕಳೆದೆ ಅಷ್ಟೆ. ಈಗ ದಿನಕ್ಕೆ ಹತ್ತು ಪುಟ, ಬೆಳಗಿನ ಬಿಸಿಲಿನಲ್ಲಿ, ಜಗಲಿಯ ಕುರ್ಚಿಯಲ್ಲಿ. ನೂರ ಎಂಬತ್ತನೆಯ ಪುಟದ ಹತ್ತಿರ ಇದ್ದಾರೆ. ಗುರುತಿಗೆ ಹೋದ ತಿಂಗಳ ಕರೆಂಟ್ ಬಿಲ್ ಇಟ್ಟುಕೊಂಡಿದ್ದಾರೆ.